ಫೆಲೋಶಿಪ್ ಪಿಎಚ್‌ಡಿಯವರಿಗೆ ಮಾತ್ರ ಯಾಕೆ?

ಸಂಪಾದಕರಿಗೆ ನಮಸ್ಕಾರ,

ಯೂನಿವರ್ಸಿಟಿಗಳ ಪಬ್ಲಿಕ್ ಪಾಲಿಸಿ ಸೆಂಟರ್‌ನವ್ರು, ಅಂದ್ರೆ ಸರ್ಕಾರದ ನೀತಿಗಳನ್ನು ಸ್ಟಡಿ ಮಾಡುವವ್ರು, ವಿಸಿಟಿಂಗ್ ಫೆಲೋಶಿಪ್ ಕೊಡುದು ಒಳ್ಳೆದೇ, ಹೊರಗಿನವ್ರನ್ನು ಒಂದು ಸೆಮಿಸ್ಟರೋ ಒಂದು ವರ್ಷವೋ ಕರೆಸಿ ಕೂರ್ಲಿಕ್ಕೆ ರೂಮು, ಲೈಬ್ರರಿ, ಸ್ಟೈಪೆಂಡ್ ಕೊಟ್ಟು ನಿಮ್ಮ ವಿಷಯ ಬರೀರಿ ಅಂತಾರೆ. ಆದ್ರೆ ಹೆಚ್ಚಿನ ಕಡೆ ಕಂಡಿಶನ್ ಎಂತ? ಪಿಎಚ್‌ಡಿ ಆಗಿರ್ಬೇಕು, ಇಂಗ್ಲಿಷ್ ಜರ್ನಲಿನಲ್ಲಿ ಪೇಪರ್ ಬಂದಿರ್ಬೇಕು. ಕೊನೆಗೆ ಒಂದು ಯೂನಿವರ್ಸಿಟಿಯ ಪ್ರೊಫೆಸರ್ ಇನ್ನೊಂದು ಯೂನಿವರ್ಸಿಟಿಗೆ ಹೋಗಿ ಬರುದು, ಅಷ್ಟೇ.

ನಮ್ಮ ಕಾಸರಗೋಡನ್ನೇ ನೋಡಿ. 1956ರಲ್ಲಿ ಕೇರಳಕ್ಕೆ ಸೇರಿದ್ದು, ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಅಂತ 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿದ್ದು, ಇದೆಲ್ಲ ಭಾಷಣದಲ್ಲಿ ಕೇಳಿ ಕೇಳಿ ಸಾಕಾಗಿದೆ. ಅದರಾಚೆಗೆ ಸ್ಟಡಿ ಮಾಡುವಂಥದ್ದು ಬೇಕಾದಷ್ಟುಂಟು. ಪ್ರೈಮರಿಯಲ್ಲಿ ಮಾತೃಭಾಷೆಯಲ್ಲಿ ಕಲಿಸುವ ವ್ಯವಸ್ಥೆ ಇರ್ಬೇಕು ಅಂತ ಸಂವಿಧಾನದ 350ಎ ವಿಧಿ ಹೇಳ್ತದೆ, ಇಲ್ಲಿ ನೋಡಿದ್ರೆ ಕನ್ನಡ ಮೀಡಿಯಂ ಶಾಲೆಗೇ ಕನ್ನಡ ಬಾರದ ಟೀಚರ್ ಬಂದು ಮಕ್ಕಳು, ಪೇರೆಂಟ್ಸು ಪ್ರತಿಭಟನೆ ಮಾಡಿದ್ದುಂಟು. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕದವ್ರು ಗಡಿಯ ತಲಪಾಡಿಯಲ್ಲಿ ರೋಡು ಬಂದ್ ಮಾಡಿದಾಗ ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ ಮಂಜೇಶ್ವರದ ರೋಗಿಗಳು ಎಲ್ಲಿಗೆ ಹೋಗ್ಬೇಕಿತ್ತು ಹೇಳಿ, ಆ ಕೇಸು ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನವರೆಗೆ ಹೋಯ್ತು. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ 5 ಲಕ್ಷ ಕೊಡಿ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಉಂಟು, ಅದು ಯಾರ್ಯಾರಿಗೆ ಹೇಗೆ ಸಿಕ್ಕಿತು, ಯಾವ ಕಾಗದ ಇಲ್ಲದೆ ಯಾರದ್ದು ನಿಂತಿತು ಅನ್ನುದು ಬರೆದಿಡುವಂಥ ವಿಷಯ ಅಲ್ವಾ?

ಇದೆಲ್ಲ ಸರಿಯಾಗಿ ಗೊತ್ತಿರುದು ಹೆಡ್ ಮಾಸ್ಟ್ರಿಗೆ, ಪಂಚಾಯತ್ ಕ್ಲರ್ಕಿಗೆ, ಆಶಾ ವರ್ಕರಿಗೆ. ಅವ್ರಿಗೆ ಪಿಎಚ್‌ಡಿ ಎಲ್ಲಿಂದ ಬರ್ಬೇಕು ಮಾರಾಯ್ರೆ! ಈಗ ಅವ್ರು ಬೇರೆಯವ್ರ ಪ್ರಶ್ನಾವಳಿಗೆ ಉತ್ತರ ಕೊಡುವವ್ರು ಮಾತ್ರ, ಸರ್ವೆಗೆ ಬಂದವ್ರು ಟಿಕ್ ಹಾಕಿ ಸಂಜೆ ಟ್ರೈನಿಗೆ ವಾಪಸ್.

ಬೆಂಗಳೂರಿನಲ್ಲಿ ಐಸೆಕ್ (ಸಾಮಾಜಿಕ, ಆರ್ಥಿಕ ವಿಷಯಗಳ ರಿಸರ್ಚ್ ಸಂಸ್ಥೆ), ನ್ಯಾಶನಲ್ ಲಾ ಸ್ಕೂಲ್, ಐಐಎಂನ ಪಬ್ಲಿಕ್ ಪಾಲಿಸಿ ಸೆಂಟರ್ ಎಲ್ಲ ಉಂಟಲ್ಲ, ಅಂಥ ಕಡೆ ವರ್ಷಕ್ಕೆ ಒಂದಾದ್ರೂ ಫೆಲೋಶಿಪ್ ಗಡಿನಾಡಿನ ಇಂಥವ್ರಿಗೆ ಮೀಸಲಿಡಲಿ. ಮೂರು ತಿಂಗಳು ಸಾಕು, ಅದನ್ನೂ ರಜೆ ನೋಡಿ ತುಂಡು ತುಂಡಾಗಿ ಮಾಡ್ಲಿಕ್ಕೆ ಬಿಡ್ಬೇಕು. ಲೀವ್ ಹಾಕಿದ್ರೆ ಸಂಬಳ ಕಟ್ ಆಗ್ತದೆ, ಸ್ಟೈಪೆಂಡ್ ಅಷ್ಟಾದ್ರೂ ಇರ್ಬೇಕು. ಕೇರಳ ಸರ್ಕಾರದ ಕೆಲಸದಲ್ಲಿರುವವ್ರಿಗೆ ಡಿಪಾರ್ಟ್‌ಮೆಂಟಿನ ಪರ್ಮಿಶನ್ ಬೇಕಾಗ್ತದೆ, ಅದಕ್ಕೆ ಲೆಟರ್ ಬರೆಯುವ ಕೆಲಸ ಸೆಂಟರಿನವ್ರೇ ಮಾಡ್ಲಿ, ಇವ್ರನ್ನು ಆಫೀಸಿಂದ ಆಫೀಸಿಗೆ ಅಲೆಸುದು ಬೇಡ. ನಮ್ಮ ಜಿಲ್ಲೆಯ ಪೆರಿಯದಲ್ಲಿ, 2009ರಲ್ಲಿ ಶುರುವಾದ ಸೆಂಟ್ರಲ್ ಯೂನಿವರ್ಸಿಟಿಯೇ ಉಂಟು, ಅವ್ರನ್ನೂ ಸೇರಿಸಿಕೊಂಡ್ರೆ ಅರ್ಧ ಕೆಲಸ ಇಲ್ಲೇ ಕೂತು ಮಾಡ್ಬಹುದು. ರಿಪೋರ್ಟ್ ಕನ್ನಡದಲ್ಲಿ ಬರೀಲಿ, ಆದ್ರೆ ಮಲಯಾಳಕ್ಕೆ ಟ್ರಾನ್ಸ್‌ಲೇಟ್ ಮಾಡಿಸಿ ತಿರುವನಂತಪುರಕ್ಕೂ ಕಳಿಸ್ಬೇಕು, ನಮ್ಮ ಶಾಲೆಯ ಆರ್ಡರ್ ಬರುದು ಅಲ್ಲಿಂದಲೇ.

ಇತಿ,
ಬದಿಯಡ್ಕದ ಒಬ್ಬ ಓದುಗ