ಬಿಚ್ಚಿದ ಎಂಟು ಸುತ್ತು

ಪ್ರೀತಿಯ ಮಗಳಿಗೆ,

ನಿನ್ನ ಸಾಮಾನೆಲ್ಲ ಹೊಸ ಮನೆ ಸೇರಿದ ಮೇಲೂ ನೀನು ಬಟ್ಟೆಯ ಪಟ್ಟಿಗಳನ್ನು ಜಡೆಯಾಗಿ ಹೆಣೆದು, ಆ ಜಡೆಯನ್ನು ಸುತ್ತುಸುತ್ತಾಗಿ ಹೊಲಿದ ಆ ದುಂಡು ನೆಲಹಾಸು ಮಾತ್ರ ನಿನ್ನ ಕೋಣೆಯ ಬಾಗಿಲ ಹಿಂದೆ ಸುರುಳಿಯಾಗಿ ನಿಂತಿತ್ತು. ಹೊರಡುವ ಬೆಳಿಗ್ಗೆ ನಾವಿಬ್ಬರೂ ಆಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಆದರೆ ಅದರ ಹಿಂದಿನ ರಾತ್ರಿ ನಡೆದದ್ದನ್ನು ನೀನು ಕಂಡಿಲ್ಲ. ಅದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ನೀನು ಮಲಗಿದ ಮೇಲೆ ನಾನು ನೆಲಹಾಸನ್ನು ಮೇಜಿನ ಮೇಲೆ ಹರಡಿದೆ. ಅಂಚು ನಾಲ್ಕು ಬೆರಳಿನಷ್ಟು ಮೇಲೆದ್ದು ಅದು ಬೋಗುಣಿಯಂತೆ ಕುಳಿತಿತ್ತು. ದಪ್ಪ ದಪ್ಪ ಪುಸ್ತಕಗಳನ್ನು ಹೇರಿ ನೋಡಿದೆ. ತೆಗೆದೊಡನೆ ಮತ್ತೆ ಎದ್ದಿತು. ಆಗ ಸಣ್ಣ ಕತ್ತರಿಯಿಂದ ಹೊರಸುತ್ತಿನ ದಾರವನ್ನು ಕತ್ತರಿಸಿದೆ. ಒಂದೇ ಸುತ್ತು ಬಿಚ್ಚಿದರೆ ಸಾಕೆಂದುಕೊಂಡಿದ್ದೆ, ಮಗಳೇ. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಐದನೆಯ ಸುತ್ತಿನಲ್ಲಿ ನಿನ್ನ ಹಳೆಯ ನೀಲಿ ಅಂಗಿಯ ಪಟ್ಟಿ ಬಂತು. ಎರಡು ಪಟ್ಟಿಗಳನ್ನು ನೀನು ಓರೆಯಾಗಿ ಕೂಡಿಸಿ ಹೊಲಿದಿದ್ದ ಜಾಗವನ್ನು ಬೆರಳಿನಿಂದ ಹುಡುಕಿದರೂ ಸಿಗಲಿಲ್ಲ. ಅಷ್ಟು ನಯವಾದ ಕೂಡಿಕೆ ನನ್ನ ಕೈಯಿಂದ ಇವತ್ತಿಗೂ ಆಗುವುದಿಲ್ಲ. ಅಲ್ಲಿಯೇ ನಿಲ್ಲಿಸಬೇಕಿತ್ತು. ನಿಲ್ಲಿಸದೆ ಎಂಟನೆಯ ಸುತ್ತಿನವರೆಗೂ ಹೋದೆ.

ಅದು ಹಾಗೇಕೆ ಬೋಗುಣಿಯಾಯಿತೆಂದು ಹೇಳಿಬಿಡುತ್ತೇನೆ, ಬೇಸರಿಸಬೇಡ. ಜಡೆಯ ಅಗಲ 2 ಸೆಂಟಿಮೀಟರ್ ಇದ್ದರೆ, ಪ್ರತಿ ಹೊಸ ಸುತ್ತಿಗೆ ಹಿಂದಿನದಕ್ಕಿಂತ ಸುಮಾರು 12.5 ಸೆಂಟಿಮೀಟರ್ ಹೆಚ್ಚು ಜಡೆ ಬೇಕು; ನೆಲಹಾಸು ಚಿಕ್ಕದಿರಲಿ, ದೊಡ್ಡದಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಹೊಲಿಯುವಾಗ ಜಡೆಯನ್ನು ಎಳೆದು ಬಿಗಿದರೆ ಆ ಹೆಚ್ಚಿನ ಉದ್ದ ಸಿಗದೆ ಅಂಚು ಮೇಲೇಳುತ್ತದೆ, ತೀರಾ ಸಡಿಲ ಬಿಟ್ಟರೆ ಅಲೆಯಲೆಯಾಗುತ್ತದೆ. ಅದಕ್ಕಾಗಿಯೇ ತಿರುವಿನಲ್ಲಿ ಆಗಾಗ ಹೊಸ ಜಡೆಯ ಒಂದು ಕಣ್ಣನ್ನು, ಅಂದರೆ ಹೆಣಿಗೆಯ ಅಂಚಿನ ಕುಣಿಕೆಯನ್ನು, ಬಿಟ್ಟು ಮುಂದಿನದಕ್ಕೆ ದಬ್ಬಣ ಹಾಕಬೇಕು. ನೀನು ತೊಡೆಯ ಮೇಲಿಟ್ಟುಕೊಂಡು ಹೊಲಿಯುತ್ತೀಯೆ. ತೊಡೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಮೇಜಿನ ಮೇಲಿಟ್ಟಾಗ ನಿಜ ತಿಳಿಯುತ್ತದೆ. ಇದನ್ನು ಎಷ್ಟು ಸಲ ಹೇಳಿದ್ದೇನೆ! ನೋಡು, ಕ್ಷಮೆ ಕೇಳಲು ಕುಳಿತವನು ಮತ್ತೆ ಪಾಠಕ್ಕೆ ಇಳಿದಿದ್ದೇನೆ.

ಬಿಚ್ಚಿದ್ದನ್ನು ಅದೇ ರಾತ್ರಿ ನಾನು ಮತ್ತೆ ಹೊಲಿದಾಗ ಅದು ನೆಲಕ್ಕೆ ಸಪಾಟಾಗಿ ಕುಳಿತಿತು, ಆದರೆ ನಿನ್ನ ಎಂಟು ಸುತ್ತಿನ ಜಡೆ ನನ್ನ ಕೈಯಲ್ಲಿ ಏಳಕ್ಕೇ ಮುಗಿಯಿತು. ಗೆದ್ದವನಂತೆ ಹೋಗಿ ಮಲಗಿದೆ. ಬೆಳಿಗ್ಗೆ ನೀನು ಸುತ್ತುಗಳನ್ನು ಎಣಿಸುತ್ತೀಯೆಂದು ನನಗೆ ಹೊಳೆದಿರಲಿಲ್ಲ. ತಿಂಗಳುಗಟ್ಟಲೆ ನೀನು ಹರಿದು, ಹೆಣೆದು, ಸುತ್ತಿದ್ದನ್ನು ಒಂದು ಮಾತೂ ಕೇಳದೆ ಬಿಚ್ಚಿದೆ. ಅದು ಸೊಟ್ಟಗಿದ್ದರೂ ನಿನ್ನದಾಗಿತ್ತು. ತಪ್ಪು ನನ್ನದು. ಜಡೆ ಬಿಗಿಯಾಗಿದ್ದದ್ದೂ ನಿಜ, ಅದನ್ನು ಮಾತ್ರ ನಾನು ಹಿಂದಕ್ಕೆ ತೆಗೆದುಕೊಳ್ಳಲಾರೆ.

ಅಲ್ಲಿ ದರ್ಜಿಯೊಬ್ಬರು ಮೂಟೆಗಟ್ಟಲೆ ಚಿಂದಿ ಕೊಡುತ್ತಾರೆಂದು ನಿನ್ನ ಅಮ್ಮ ಹೇಳಿದಳು. ಸಿಕ್ಕಿತೆಂದು ಎಲ್ಲವನ್ನೂ ಒಂದರಲ್ಲೇ ಬೆರೆಸಬೇಡ. ಹತ್ತಿಯ ಪಕ್ಕದಲ್ಲಿ ಉಣ್ಣೆಯೋ ಹಿಗ್ಗುವ ಬಟ್ಟೆಯೋ ಸೇರಿದರೆ ಒಂದು ಬೇಗ ಸವೆದು ಇನ್ನೊಂದು ಗಟ್ಟಿಯಾಗಿಯೇ ಉಳಿಯುತ್ತದೆ. ಕೆಂಪು ಬಟ್ಟೆಯನ್ನು ಪಟ್ಟಿ ಮಾಡುವ ಮೊದಲೇ ಒಗೆದು ಬಣ್ಣ ಬಿಡುತ್ತದೆಯೇ ನೋಡು. ಹೆಣೆದ ಮೇಲೆ ಉದ್ದ ಮೂರನೆಯ ಒಂದು ಪಾಲಿನಷ್ಟು ಕುಗ್ಗುವುದರಿಂದ ಪಟ್ಟಿಗಳನ್ನು ಧಾರಾಳವಾಗಿಯೇ ಹರಿದಿಟ್ಟುಕೋ. ನುಣುಪಾದ ನೆಲವಾದರೆ ಕೆಳಗೆ ಜಾರದಂತೆ ರಬ್ಬರಿನ ಜಾಲರಿ ಹಾಸು. ರಾತ್ರಿ ಒಬ್ಬಳೇ ಎದ್ದು ಓಡಾಡುವವಳು ನೀನು. ಮಂದ ಬೆಳಕಿನಲ್ಲಿ ಕಪ್ಪು ಬಟ್ಟೆಯನ್ನು ಹೊಲಿಯಬೇಡ. ಇವನ್ನೆಲ್ಲ ನೀನು ಬಲ್ಲೆಯೆಂದು ನನಗೂ ಗೊತ್ತು.

ನಿನ್ನೆ ಕುಳಿತು ನಾನು ಹಾಕಿದ ದಾರವನ್ನೆಲ್ಲ ತೆಗೆದೆ. ನಡುವಿನ ಭಾಗವನ್ನು ನೀನು ಹೊಲಿದಂತೆಯೇ ಬಿಟ್ಟು, ಉಳಿದ ಜಡೆಯನ್ನು ಉಂಡೆ ಸುತ್ತಿ ಎರಡನ್ನೂ ಕಳಿಸುತ್ತಿದ್ದೇನೆ. ಅದು ಎಂಟು ಸುತ್ತಾದರೂ ಆಗಲಿ, ಏಳಾದರೂ ಆಗಲಿ, ನೀನೇ ನೋಡಿಕೋ. ದಬ್ಬಣವನ್ನು ಉಂಡೆಯ ನೀಲಿ ಪಟ್ಟಿಗೆ ಚುಚ್ಚಿಟ್ಟಿದ್ದೇನೆ. ಪೊಟ್ಟಣ ಬಿಚ್ಚುವಾಗ ಕೈ ಜೋಪಾನ.

ನಿನ್ನ ಅಪ್ಪ