ಶನಿವಾರ ಕೆಟಿವಿಗೆ ಬರುವವರ ಗಮನಕ್ಕೆ

ಶೆನ್‌ಜೆನ್ ಗೆಳೆಯರೇ, ಶನಿವಾರ ಚೀನೀ ಸಹೋದ್ಯೋಗಿಗಳ ಜೊತೆ ಕೆಟಿವಿಗೆ, ಅಂದರೆ ಕರೋಕೆ ಹಾಡುವ ಜಾಗಕ್ಕೆ, ಹೋಗುತ್ತಿದ್ದೇವೆ. ಅಪರಿಚಿತರ ಮುಂದೆ ಹಾಡಬೇಕಿಲ್ಲ, ಹೆದರಬೇಡಿ. ನಮಗೇ ಒಂದು ಕೋಣೆ, ಗಂಟೆ ಲೆಕ್ಕದ ಬಾಡಿಗೆ.

ಆದರೆ 'ಹಾಡಲು ಬರಲ್ಲ' ಅಂದರೆ ಯಾರೂ ಬಿಡುವುದಿಲ್ಲ. ಮೊದಲ ಸಲ ನಾನು ಮೂಲೆಯಲ್ಲಿ ಸುಮ್ನೆ ಸೂರ್ಯಕಾಂತಿ ಬೀಜ ಬಿಡಿಸುತ್ತಾ ಕೂತಿದ್ದೆ. ಆಫೀಸಿನಲ್ಲಿ ತುಟಿ ಬಿಚ್ಚದ ಅಕೌಂಟ್ಸ್ ಮೇಡಂ ಬಂದು ಮೈಕನ್ನು ಕೈಗೇ ತುರುಕಿದರು. ಶ್ರುತಿ ಎಲ್ಲೋ, ನಾನೆಲ್ಲೋ. ಆದರೂ ಚಪ್ಪಾಳೆ! ಸೋಮವಾರದಿಂದ ಊಟಕ್ಕೆ ಅವರೇ ಕರೆಯತೊಡಗಿದರು.

ಮೈಕ್ ಬಿಡದವರನ್ನು ಅಲ್ಲಿ 'ಮೈಬಾ' ಅನ್ನುತ್ತಾರೆ, ಅಂದರೆ ಮೈಕ್ ದಾದಾ. ನಮ್ಮಲ್ಲಿ ಯಾರು ಅಂತ ಹೇಳಬೇಕಿಲ್ಲ ಅಲ್ವಾ?

ಕುಡಿಯುವಾಗ ಯಾರಾದರೂ 'ಗಾನ್‌ಬೇ' ಅಂದರೆ ಲೋಟ ಖಾಲಿ ಮಾಡಬೇಕು. ಜಾಸ್ತಿ ಬೇಡವಾದರೆ 'ಸುಯ್‌ಯಿ' ಅನ್ನಿ, ಇಷ್ಟವಿದ್ದಷ್ಟು ಕುಡಿದರಾಯಿತು. ಚಹಾ ಕೂಡ ನಡೆಯುತ್ತದೆ.

ಬರುವವರು ನಾಳೆ ರಾತ್ರಿಯೊಳಗೆ ಹೆಸರು ಹಾಕಿ, ಕೋಣೆ ಬುಕ್ ಮಾಡಬೇಕು.