ಗಾಂಜಾ ತೆರಿಗೆಯ ಪಾಲನ್ನು ಮುಂಗಡವಾಗಿ ಕೊಡಿ: ಅಮೆರಿಕದ ಇಲಿನಾಯ್ ರಾಜ್ಯದ ಸೆನೆಟರ್‌ಗೆ ಬಹಿರಂಗ ಪತ್ರ

ಮಾನ್ಯ ಸೆನೆಟರ್ ಅವರಿಗೆ ವಂದನೆಗಳು.

2019ರಲ್ಲಿ ಗಾಂಜಾ ಮಾರಾಟವನ್ನು ಕಾನೂನುಬದ್ಧಗೊಳಿಸುವಾಗ, ಆಡಳಿತ ವೆಚ್ಚ ಕಳೆದು ಉಳಿಯುವ ತೆರಿಗೆ ಆದಾಯದಲ್ಲಿ ಶೇ 25ರಷ್ಟನ್ನು 'ಆರ್3' ಕಾರ್ಯಕ್ರಮದ ಮೂಲಕ, ಬಂಧನ ಮತ್ತು ಸೆರೆವಾಸಗಳಿಂದ ನಲುಗಿದ ಬಡಾವಣೆಗಳಿಗೆ ಮರಳಿಸಬೇಕೆಂದು ಬರೆದವರು ತಮ್ಮ ಶಾಸನಸಭೆಯವರೇ. ಬಳಕೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲದಿದ್ದರೂ ಗಾಂಜಾ ಪ್ರಕರಣಗಳಲ್ಲಿ ಕಪ್ಪುಜನರು ಬಂಧನಕ್ಕೊಳಗಾಗುವ ಸಾಧ್ಯತೆ ಬಿಳಿಯರಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚೆಂದು ನಾಗರಿಕ ಹಕ್ಕುಗಳ ಸಂಸ್ಥೆಯಾದ ಎಸಿಎಲ್‌ಯು 2020ರಲ್ಲಿ ವರದಿ ಮಾಡಿದ್ದೂ ತಮಗೆ ತಿಳಿದದ್ದೇ.

ತಮಗೆ ತಿಳಿಯದಿರುವುದು ಬಹುಶಃ ನಮ್ಮ ಪಾಡು. ಶಿಕಾಗೊದ ಪಶ್ಚಿಮ ಭಾಗದಲ್ಲಿ, ಜೈಲಿನಿಂದ ಹೊರಬಂದವರಿಗೆ ಕೆಲಸ ಹುಡುಕಿಕೊಡುವ ಪುಟ್ಟ ಸಂಸ್ಥೆಯೊಂದರ ಲೆಕ್ಕಪತ್ರ ನೋಡಿಕೊಳ್ಳುವ ಕನ್ನಡಿಗ ನಾನು. ನಮಗೆ ಈ ತೆರಿಗೆಯ ಹಣ ಮಂಜೂರಾಗಿದೆ. ಆದರೆ ಅದು ದೊಡ್ಡ ಸಂಸ್ಥೆಯೊಂದರ ಕೈದಾಟಿ ಬರಬೇಕು, ಅದೂ ನಾವು ಮೊದಲು ಖರ್ಚುಮಾಡಿ, ಬಿಲ್ಲು ಸಲ್ಲಿಸಿ, ತಿಂಗಳುಗಟ್ಟಲೆ ಕಾದ ಮೇಲೆ. ನಮ್ಮ ನಿರ್ದೇಶಕಿ ತಮ್ಮ ಸ್ವಂತ ಕ್ರೆಡಿಟ್ ಕಾರ್ಡಿನಿಂದ ಸಿಬ್ಬಂದಿಯ ಸಂಬಳ ತುಂಬಿಸಿದ್ದಾರೆ. ಇಷ್ಟು ಸಾಲ ಮಾಡಬಲ್ಲವರಿಗೆ ಅನುದಾನವೇಕೆ?

ಕಳೆದ ಚಳಿಗಾಲದಲ್ಲಿ, ಸಂದರ್ಶನಕ್ಕೆ ಹೋಗಬೇಕಿದ್ದ ಯುವಕನೊಬ್ಬನಿಗೆ ಬಸ್ ಪಾಸ್ ಕೊಡಿಸಿದೆವು. ಆ ದೊಡ್ಡ ಸಂಸ್ಥೆ ಬಿಲ್ಲನ್ನು ತಡೆಹಿಡಿದು, ಆತ ನಿಜಕ್ಕೂ ಬಾಧಿತನೆಂಬುದಕ್ಕೆ ಬಂಧನದ ದಾಖಲೆಯ ದೃಢೀಕೃತ ಪ್ರತಿ ಕೇಳಿತು. ಆ ದಾಖಲೆಯನ್ನು ತಮ್ಮದೇ ಕಾನೂನಿನಂತೆ ಅಳಿಸಲಾಗಿದೆ ಎಂದು ತಿಳಿಸಿದರೆ, ಹಾಗಾದರೆ ಅಳಿಸಿದ್ದಕ್ಕೆ ದಾಖಲೆ ತನ್ನಿ ಎಂಬ ಉತ್ತರ ಬಂತು. 2019ರ ಕೊನೆಯ ದಿನ ಗವರ್ನರ್ ಪ್ರಿಟ್ಜ್‌ಕರ್ ಗಾಂಜಾ ಪ್ರಕರಣಗಳ 11,000ಕ್ಕೂ ಹೆಚ್ಚು ಮಂದಿಗೆ ಕ್ಷಮಾದಾನ ನೀಡಿದ್ದು, ಆ ಮಂದಿ ಹಳೆಯ ಕಳಂಕವನ್ನು ಮತ್ತೆ ಹುಡುಕಿ ತಂದು ಬಸ್ ಪಾಸಿಗೆ ಲಗತ್ತಿಸಲಿ ಎಂದೇ? ಆ ಹುಡುಗ ಕಾಗದ ತರಲಿಲ್ಲ, ನಮ್ಮ ಕಚೇರಿಗೂ ಮತ್ತೆ ಬರಲಿಲ್ಲ.

ಪರವಾನಗಿ ಪಡೆದ ಅಂಗಡಿಯ ಕೌಂಟರಿನಲ್ಲಿ ರಾಜ್ಯವು ತನ್ನ ತೆರಿಗೆಯನ್ನು ಅಲ್ಲೇ ವಸೂಲು ಮಾಡುತ್ತದೆ. ಗಿರಾಕಿ ತಿಂಗಳುಗಟ್ಟಲೆ ಕಾದು ಕೊಡುತ್ತೇನೆ ಎಂದರೆ ಒಪ್ಪುತ್ತೀರಾ? ನಾವು ಕೇಳುವುದು ದಾನವಲ್ಲ, ಮುಂಗಡ. ಮಂಜೂರಾದ ಮೊತ್ತದ ಒಂದು ಭಾಗವನ್ನು ಕೆಲಸ ಆರಂಭವಾಗುವ ಮೊದಲೇ ಸಣ್ಣ ಸಂಸ್ಥೆಗಳ ಖಾತೆಗೆ ಜಮಾ ಮಾಡುವುದನ್ನು ಕಡ್ಡಾಯಗೊಳಿಸುವ ತಿದ್ದುಪಡಿಯನ್ನು ಮುಂದಿನ ಅಧಿವೇಶನದಲ್ಲೇ ಮಂಡಿಸಿ. ಲೆಕ್ಕವನ್ನು ಪೈಸೆಪೈಸೆಗೂ ಕೊಡುತ್ತೇವೆ, ಆದರೆ ಹಣವನ್ನು ಮೊದಲು ಕೊಡಿ.

ಇದರ ಇಂಗ್ಲಿಷ್ ಪ್ರತಿ ತಮ್ಮ ಕಚೇರಿಗೆ ತಲುಪಿದೆ. ತಮ್ಮ ಕ್ಷೇತ್ರದ ಕನ್ನಡಿಗರೂ ಓದಿ ತಮ್ಮನ್ನು ಕೇಳಲಿ ಎಂದು ಇಲ್ಲಿ ಪ್ರಕಟಿಸುತ್ತಿದ್ದೇನೆ. ಉತ್ತರವನ್ನು ದಯವಿಟ್ಟು ಮನುಷ್ಯರೊಬ್ಬರ ಕೈಯಲ್ಲಿ ಬರೆಸಿ. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎನ್ನುವ ಸ್ವಯಂಚಾಲಿತ ಇಮೇಲ್‌ಗಳು ನನ್ನ ಬಳಿ ಬೇಕಾದಷ್ಟಿವೆ.

ಇಂತಿ,
ತಮ್ಮ ಕ್ಷೇತ್ರದ ಒಬ್ಬ ಮತದಾರ